ವಿಳಾಸ ಒಂದಾದರೆ ಅಧಿಕಾರ ಒಂದಾಗದು

ವೆಬ್ ಸರ್ವರ್ ನಡೆಸುವವರ ವಲಯದಲ್ಲಿ ಬೇರುಬಿಟ್ಟ ಒಂದು ನಂಬಿಕೆಯಿದೆ. ಬ್ರೌಸರ್ ಬಂದು ಕನೆಕ್ಷನ್ ಹಾಕಿದ ಮೇಲೆ ಸರ್ವರ್ ತಾನಾಗಿ, ‘ಇಂತಿಂಥ ಬೇರೆ ಹೆಸರುಗಳಿಗೂ ಅಧಿಕೃತ ಸರ್ವರ್ ನಾನೇ, ಅವುಗಳ ಕೋರಿಕೆಯನ್ನೂ ಇಲ್ಲೇ ಕಳಿಸು’ ಎಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದಂತೆ. ಡಿಎನ್‌ಎಸ್ ಅನ್ನು ಕೇಳಬೇಕು, ಐಪಿ ವಿಳಾಸ ತಾಳೆಯಾದರೆ ಮಾತ್ರ ನಂಬಬೇಕಂತೆ. ಕೇಳುವುದಕ್ಕೆ ಇದು ಬಲು ಎಚ್ಚರಿಕೆಯ ಮಾತು. ಬಿಡಿಸಿ ನೋಡಿದರೆ ಇದರಲ್ಲಿ ಎಚ್ಚರಿಕೆಗಿಂತ ಅಭ್ಯಾಸಬಲವೇ ಹೆಚ್ಚು. ಐಪಿ ತಾಳೆ ನೋಡುವುದು ಭದ್ರತೆಯಲ್ಲ, ಊಹೆ. ಬಲ್ಲವನು ಬಾಯಿಬಿಟ್ಟು ಹೇಳುತ್ತಿರುವಾಗ ಊಹೆಗೇ ಜೋತುಬೀಳುವುದು ಯಾವ ಎಚ್ಚರಿಕೆಯೂ ಅಲ್ಲ.

ಮೊದಲು ವಿಷಯ ಏನೆಂದು ನೋಡೋಣ. ಬ್ರೌಸರ್‌ನ ಲೆಕ್ಕದಲ್ಲಿ ಸ್ಕೀಮ್, ಹೋಸ್ಟ್ ಹೆಸರು, ಪೋರ್ಟ್ ಈ ಮೂರೂ ಸೇರಿದರೆ ಒಂದು ಆರಿಜಿನ್. ಎಚ್‌ಟಿಟಿಪಿ/1.1ರ ದಿನಗಳಲ್ಲಿ ಒಂದು ಕನೆಕ್ಷನ್‌ನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಕೋರಿಕೆ ಸಾಗುತ್ತಿತ್ತು, ಬ್ರೌಸರ್‌ಗಳು ಒಂದು ಹೋಸ್ಟ್‌ಗೆ ಆರು ಕನೆಕ್ಷನ್ ಮಾತ್ರ ತೆರೆಯುತ್ತಿದ್ದವು. ಈ ಮಿತಿಯನ್ನು ದಾಟಲೆಂದು ಸೈಟ್‌ಗಳು ಚಿತ್ರಗಳಿಗೊಂದು ಹೆಸರು, ಸ್ಕ್ರಿಪ್ಟ್‌ಗಳಿಗೊಂದು ಹೆಸರು ಎಂದು ಹಂಚಿಕೊಂಡವು. 2015ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ/2 ಬಂದು ಒಂದೇ ಕನೆಕ್ಷನ್‌ನಲ್ಲಿ ಹಲವು ಕೋರಿಕೆಗಳನ್ನು ಒಟ್ಟಿಗೆ ಸಾಗಿಸಿತು. ಹಂಚಿಕೆಯ ಅಗತ್ಯ ಹೋಯಿತು, ಹಂಚಿಹೋದ ಹೆಸರುಗಳು ಮಾತ್ರ ಹಾಗೇ ಉಳಿದವು. ಅವುಗಳನ್ನು ಮತ್ತೆ ಒಂದು ಕನೆಕ್ಷನ್‌ಗೆ ಸೇರಿಸಲು ಬ್ರೌಸರ್‌ಗಳು ಹಿಡಿದ ದಾರಿ ಇಷ್ಟು: ಸರ್ವರ್ ತೋರಿಸಿದ ಸರ್ಟಿಫಿಕೇಟ್‌ನಲ್ಲಿ ಎರಡನೇ ಹೆಸರೂ ಇರಬೇಕು, ಡಿಎನ್‌ಎಸ್‌ನಲ್ಲಿ ಆ ಹೆಸರಿಗೂ ಅದೇ ಐಪಿ ಇರಬೇಕು.

ಈ ಎರಡನೆಯ ಷರತ್ತಿನ ಜಾಗಕ್ಕೆ ಸರ್ವರ್‌ನ ಹೇಳಿಕೆಯನ್ನು ತಂದು ನಿಲ್ಲಿಸಿದ್ದು 2018ರ ಮಾರ್ಚ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 8336 ಎಂಬ ಇಂಟರ್‌ನೆಟ್ ಮಾನದಂಡ. ಬರೆದವರು ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ನೈಗ್ರೆನ್. ಅದು ಕಟ್ಟಿಕೊಟ್ಟದ್ದು ಆರಿಜಿನ್ ಫ್ರೇಮ್ ಎಂಬ ಪುಟ್ಟ ಸಂದೇಶ. ಕನೆಕ್ಷನ್ ಕೂಡಿಕೊಂಡ ಮೇಲೆ ಸರ್ವರ್ ತಾನು ಉತ್ತರಿಸಬಲ್ಲ ಆರಿಜಿನ್‌ಗಳ ಪಟ್ಟಿಯನ್ನು ಇದರಲ್ಲಿ ಕಳಿಸುತ್ತದೆ. ಸರ್ಟಿಫಿಕೇಟ್‌ನ ಷರತ್ತು ಒಂದಿಷ್ಟೂ ಸಡಿಲವಾಗುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ಇಲ್ಲದ ಹೆಸರನ್ನು ಪಟ್ಟಿಯಲ್ಲಿ ತುಂಬಿ ಕಳಿಸಿದರೂ ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. 2023ರ ಜೂನ್‌ನಲ್ಲಿ ಆರ್‌ಎಫ್‌ಸಿ 9412 ಇದೇ ವ್ಯವಸ್ಥೆಯನ್ನು ಎಚ್‌ಟಿಟಿಪಿ/3ಕ್ಕೂ ತಂದಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ 2022ರಲ್ಲಿ, ಅಂದರೆ ಮೊದಲ ಮಾನದಂಡ ಹೊರಬಂದು ನಾಲ್ಕು ವರ್ಷಗಳ ಮೇಲೆ, ಸಂಶೋಧಕರು ಹುಡುಕಿದಾಗ ಈ ಫ್ರೇಮನ್ನು ಅರ್ಥಮಾಡಿಕೊಳ್ಳುತ್ತಿದ್ದ ದೊಡ್ಡ ಬ್ರೌಸರ್ ಫೈರ್‌ಫಾಕ್ಸ್ ಒಂದೇ. ಬೇರೆಯವರಿಗೆ ತಿಳಿಯದೆ ಹೀಗಾಯಿತು ಎನ್ನಲಾಗದು. ಬೇಡ ಎಂಬ ಒಮ್ಮತ ಅದರ ಹಿಂದಿತ್ತು.

ಆ ಒಮ್ಮತದ ಬುಡದಲ್ಲಿರುವುದು ಐಪಿಯ ಮೇಲಿನ ಭಕ್ತಿ. ಎರಡು ಹೆಸರು ಒಂದೇ ಐಪಿಯಲ್ಲಿದ್ದರೆ ಅವು ಒಂದೇ ಕೈಯಲ್ಲಿವೆ ಎಂಬ ತರ್ಕ, ಒಂದು ಕಂಪನಿಗೆ ಒಂದು ಯಂತ್ರ, ಒಂದು ಯಂತ್ರಕ್ಕೆ ಒಂದು ವಿಳಾಸ ಇದ್ದ ಕಾಲದ್ದು. ಇಂದು ಐಪಿ ಎನ್ನುವುದು ಬಸ್‌ಸ್ಟ್ಯಾಂಡಿನ ಹೆಸರಿದ್ದಂತೆ. ಅಲ್ಲಿ ಇಳಿದವರೆಲ್ಲ ನೆಂಟರಲ್ಲ. ಹಲವರ ಸೈಟ್‌ಗಳನ್ನು ತನ್ನ ಸರ್ವರ್‌ಗಳಿಂದ ಹಂಚುವ ಸಿಡಿಎನ್ ಕಂಪನಿ ಕ್ಲೌಡ್‌ಫ್ಲೇರ್‌ನ ಎಂಜಿನಿಯರ್‌ಗಳು 2021ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎರಡು ಕೋಟಿಗೂ ಹೆಚ್ಚು ಹೋಸ್ಟ್ ಹೆಸರುಗಳನ್ನು ಒಂದೇ ಒಂದು ಐಪಿ ವಿಳಾಸದಿಂದ ನಡೆಸಿ ತೋರಿಸಿದರು. ಎರಡು ಕೋಟಿ ಹೆಸರುಗಳಿಗೆ ಸಮನಾಗಿ ಹೊಂದುವ ಗುರುತು ಯಾರ ಗುರುತನ್ನು ಖಚಿತಪಡಿಸೀತು?

ತದ್ವಿರುದ್ಧದ ತೊಂದರೆಯೂ ಇದೆ. ಒಬ್ಬನೇ ಒಡೆಯನ, ಒಂದೇ ಸರ್ವರ್‌ನ ಎರಡು ಹೆಸರುಗಳಿಗೆ ಡಿಎನ್‌ಎಸ್ ಬೇರೆ ಬೇರೆ ಐಪಿ ಕೊಡಬಹುದು, ಏಕೆಂದರೆ ಹೊರೆ ಹಂಚುವುದೂ ಅದರ ಕೆಲಸ. ಜರ್ಮನಿಯ ಆಖೆನ್‌ನ ಸಂಶೋಧಕರು 2021ರಲ್ಲಿ, ಎಚ್‌ಟಿಟಿಪಿ/2 ಬಂದು ಇಷ್ಟು ವರ್ಷವಾದರೂ ಅನಗತ್ಯ ಕನೆಕ್ಷನ್‌ಗಳು ಏಕೆ ಉಳಿದಿವೆ ಎಂದು ಬೆನ್ನುಹತ್ತಿ ನೋಡಿದಾಗ ಸಿಕ್ಕ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಗೂಗಲ್‌ನದೇ ಆದ ಅನಲಿಟಿಕ್ಸ್ ಮತ್ತು ಟ್ಯಾಗ್ ಮ್ಯಾನೇಜರ್ ಹೆಸರುಗಳು ಅಂಥವು: ಒಡೆತನ ಒಂದೇ, ಡಿಎನ್‌ಎಸ್ ಉತ್ತರ ಮಾತ್ರ ಬೇರೆ ಬೇರೆ. ಬ್ರೌಸರ್ ಎರಡೆರಡು ಬಾರಿ ಬಾಗಿಲು ತಟ್ಟುತ್ತದೆ.

ಊಹೆ ಎಂದ ಮೇಲೆ ಒಬ್ಬೊಬ್ಬರದು ಒಂದೊಂದು ಬಗೆ. ಮೊದಲ ಹೆಸರಿಗೆ ಒಂದನೇ ಮತ್ತು ಎರಡನೇ ಐಪಿ, ಎರಡನೇ ಹೆಸರಿಗೆ ಎರಡನೇ ಮತ್ತು ಮೂರನೇ ಐಪಿ ಸಿಕ್ಕಿವೆ ಎನ್ನಿ; ಬ್ರೌಸರ್ ಕೂಡಿಕೊಂಡಿರುವುದು ಒಂದನೇ ಐಪಿಗೆ. ಎಚ್‌ಟಿಟಿಪಿ/2 ಬಂದ ಹೊಸತರಲ್ಲಿ ಇಂಥ ಕಡೆ ಫೈರ್‌ಫಾಕ್ಸ್ ‘ಎರಡೂ ಪಟ್ಟಿಯಲ್ಲಿ ಎರಡನೇ ಐಪಿ ಇದೆ, ಸಾಕು’ ಎಂದು ಹಳೆಯ ಕನೆಕ್ಷನ್ನನ್ನೇ ಬಳಸುತ್ತಿತ್ತು. ಕ್ರೋಮ್ ‘ನಾನಿರುವ ಒಂದನೇ ಐಪಿ ಎರಡನೇ ಪಟ್ಟಿಯಲ್ಲಿಲ್ಲ’ ಎಂದು ಹೊಸದನ್ನು ತೆರೆಯುತ್ತಿತ್ತು. ಇದು ನಿಜಕ್ಕೂ ಭದ್ರತೆಯ ನಿಯಮವೇ ಆಗಿದ್ದರೆ, ಇಬ್ಬರಲ್ಲಿ ಒಬ್ಬರ ಬಳಕೆದಾರರು ಅಷ್ಟು ಕಾಲ ಅಪಾಯದಲ್ಲಿದ್ದರು ಎಂದಾಯಿತು. ಹಾಗೆಂದು ಬೊಬ್ಬೆ ಹೊಡೆದವರು ಯಾರೂ ಇಲ್ಲ. ಅದು ಭದ್ರತೆಯ ನಿಯಮವಲ್ಲವೆಂದು ಎಲ್ಲರಿಗೂ ಒಳಗೊಳಗೇ ಗೊತ್ತಿತ್ತು.

ಇಲ್ಲಿಗೆ ಬಂದಾಗ ಎದುರಾಳಿಗಳು ಮಾತು ಬದಲಿಸುತ್ತಾರೆ. ಐಪಿ ಗುರುತಲ್ಲದಿರಬಹುದು, ಆದರೆ ಡಿಎನ್‌ಎಸ್ ಎರಡನೇ ಬೀಗವಲ್ಲವೇ ಎನ್ನುತ್ತಾರೆ. ಆ ಬೀಗ ಎಷ್ಟು ಗಟ್ಟಿ ಎಂಬುದಕ್ಕೆ 2018ರ ಏಪ್ರಿಲ್ 24ರ ಘಟನೆ ಸಾಕು. ಅಂದು ದಾಳಿಕೋರರು ಇಂಟರ್‌ನೆಟ್‌ನ ದಾರಿ ತೋರುವ ವ್ಯವಸ್ಥೆಯಾದ ಬಿಜಿಪಿಯಲ್ಲಿ ಸುಳ್ಳು ಘೋಷಣೆ ಹೊರಡಿಸಿ, ಅಮೆಜಾನ್‌ನ ರೂಟ್ 53 ಡಿಎನ್‌ಎಸ್ ಸೇವೆಗೆ ಹೋಗಬೇಕಿದ್ದ ಪ್ರಶ್ನೆಗಳನ್ನು ತಮ್ಮತ್ತ ಎಳೆದುಕೊಂಡರು. ಮೈಈಥರ್‌ವ್ಯಾಲೆಟ್ ಎಂಬ ಕ್ರಿಪ್ಟೊ ಸೈಟ್‌ನ ಹೆಸರು ಕೇಳಿದವರಿಗೆ ಕಳ್ಳ ಸರ್ವರ್‌ನ ಐಪಿ ಸಿಕ್ಕಿತು. ಡಿಎನ್‌ಎಸ್ ಎಂಬ ಬೀಗ ಸದ್ದಿಲ್ಲದೆ ತೆರೆದುಕೊಂಡಿತ್ತು. ಹಿಡಿದು ನಿಂತದ್ದು ಸರ್ಟಿಫಿಕೇಟ್: ಕಳ್ಳರ ಬಳಿ ಇದ್ದುದು ತಾವೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್, ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿತು. ಹಣ ಕಳೆದುಕೊಂಡವರು ಆ ಎಚ್ಚರಿಕೆಯನ್ನು ಕ್ಲಿಕ್ ಮಾಡಿ ದಾಟಿ ಹೋದವರು.

ಎಚ್‌ಟಿಟಿಪಿಎಸ್‌ನ ಬುನಾದಿಯೇ ಇದು. ದಾರಿಯಲ್ಲಿ ಯಾರು ಬೇಕಾದರೂ ಸುಳ್ಳು ಹೇಳಬಹುದು ಎಂದು ಒಪ್ಪಿಕೊಂಡೇ ಅದನ್ನು ಕಟ್ಟಲಾಗಿದೆ. ಕಾಫಿ ಅಂಗಡಿಯ ವೈಫೈ ಕೊಡುವ ಡಿಎನ್‌ಎಸ್ ಉತ್ತರವನ್ನು ನಂಬದೆಯೇ ನಾವು ಬ್ಯಾಂಕ್ ವ್ಯವಹಾರ ಮಾಡುವುದು ಆ ಧೈರ್ಯದ ಮೇಲೆ. ಎಚ್‌ಟಿಟಿಪಿಯ ಮೂಲ ಮಾನದಂಡವಾದ, 2022ರ ಜೂನ್‌ನ ಆರ್‌ಎಫ್‌ಸಿ 9110 ಕೂಡ ಅಧಿಕಾರದ ಆಧಾರವಾಗಿ ಇಡುವುದು ಸರ್ಟಿಫಿಕೇಟ್ ಮತ್ತು ಅದರ ಖಾಸಗಿ ಕೀಲಿಯನ್ನು. ಡಿಎನ್‌ಎಸ್ ತಾಳೆಯನ್ನು ಅದು ರೂಢಿಯಲ್ಲಿ ನಡೆಯುವ ಪರೀಕ್ಷೆಯೆಂದು ಹೇಳಿ, ಆರಿಜಿನ್ ಫ್ರೇಮ್ ಬಂದರೆ ಈ ನಿರ್ಬಂಧ ತೆಗೆಯಬಹುದು ಎಂದು ಅಲ್ಲೇ ಸೇರಿಸುತ್ತದೆ. ರೂಢಿಯನ್ನು ನಿಯಮವೆಂದು ಓದಿಕೊಂಡವರು ನಮ್ಮವರು.

ಇನ್ನು ನಿಜವಾಗಿ ತೂಕವಿರುವ ಆಕ್ಷೇಪ. ಸರ್ಟಿಫಿಕೇಟನ್ನೇ ವಂಚನೆಯಿಂದ ಪಡೆದರೆ? ಇದು ಕಲ್ಪನೆಯ ಭಯವಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್‌ಗೆ ನುಗ್ಗಿದವರು ಗೂಗಲ್ ಹೆಸರಿನಲ್ಲಿ ನಕಲಿ ಸರ್ಟಿಫಿಕೇಟ್ ಮಾಡಿಸಿಕೊಂಡರು. ಆ ಸಂಸ್ಥೆಯೇ ಮುಳುಗಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 2014ರ ಜುಲೈ. ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿಯ ಸರ್ಟಿಫಿಕೇಟ್ ವ್ಯವಸ್ಥೆಯಿಂದ ಗೂಗಲ್‌ನ ಹಲವು ಡೊಮೈನ್‌ಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದವು. ಎನ್‌ಐಸಿಯ ಮಧ್ಯಂತರ ಸರ್ಟಿಫಿಕೇಟ್‌ಗಳನ್ನು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕ ಸಂಸ್ಥೆಯಾದ ಸಿಸಿಎ ರದ್ದುಮಾಡಿತು, ಕ್ರೋಮ್ ಸಿಸಿಎಯ ಮೂಲ ಸರ್ಟಿಫಿಕೇಟನ್ನು ಕೆಲವೇ ಡೊಮೈನ್‌ಗಳಿಗೆ ಸೀಮಿತಗೊಳಿಸಿತು. ಬೇಲಿಯೇ ಹೊಲ ಮೇಯುವುದುಂಟು ಎಂಬುದನ್ನು ಭಾರತದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಎನ್‌ಎಸ್ ಪರೀಕ್ಷೆ ಇದ್ದರೆ ಅಂಥ ಸರ್ಟಿಫಿಕೇಟ್ ಹಿಡಿದವನು ದಾರಿಯಲ್ಲೂ ಅಡ್ಡ ನಿಲ್ಲಬೇಕಾಗುತ್ತದೆ. ಅದನ್ನು ಬಿಟ್ಟರೆ ಬಲಿಪಶುವನ್ನು ತನ್ನ ಸೈಟ್‌ಗೆ ಕರೆತಂದರೆ ಸಾಕು. ಇದನ್ನು ಎದುರಾಳಿಗಳು ಕಂಡುಹಿಡಿಯಲಿಲ್ಲ. ಆರ್‌ಎಫ್‌ಸಿ 8336 ತಾನೇ ಬರೆದುಕೊಂಡಿದೆ.

ಆದರೆ ಅಪಾಯದ ಅಳತೆ ಎಷ್ಟು? ಆ ದಾಳಿ ನಡೆಯಬೇಕಾದರೆ ವಂಚಕನ ಸೈಟ್‌ನ ಹೆಸರೂ ಅವನು ಗುರಿಯಿಟ್ಟ, ಒಂದು ಬ್ಯಾಂಕಿನ ಎನ್ನೋಣ, ಹೆಸರೂ ಒಂದೇ ಸರ್ಟಿಫಿಕೇಟ್‌ನಲ್ಲಿರಬೇಕು. ಬ್ಯಾಂಕಿನ ಕೀಲಿ ಕದ್ದವನಿಗೆ ಇದು ದಕ್ಕುವುದಿಲ್ಲ: ಕದ್ದ ಸರ್ಟಿಫಿಕೇಟ್‌ನಲ್ಲಿ ಬ್ಯಾಂಕಿನ ಹೆಸರುಗಳಷ್ಟೇ ಇರುತ್ತವೆ, ಆ ಹೆಸರಿಗೆ ಬರುವ ಗ್ರಾಹಕನನ್ನು ತನ್ನತ್ತ ತಿರುಗಿಸಲು ಅವನು ಡಿಎನ್‌ಎಸ್ ಅಥವಾ ದಾರಿಯನ್ನು ಕೆಡಿಸಲೇಬೇಕು. ಉಳಿಯುವುದು ಎರಡೂ ಹೆಸರು ಸೇರಿಸಿ ಹೊಸದಾಗಿ ವಂಚಿಸಿ ಪಡೆದ ಸರ್ಟಿಫಿಕೇಟ್. 2018ರ ಏಪ್ರಿಲ್ ನಂತರ ವಿತರಣೆಯಾದ ಸರ್ಟಿಫಿಕೇಟ್‌ಗಳು ಸಾರ್ವಜನಿಕ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ದಾಖಲೆಯಲ್ಲಿರಬೇಕು ಎಂದು ಕ್ರೋಮ್ ಕಡ್ಡಾಯಗೊಳಿಸಿತು. 2025ರಲ್ಲಿ ಫೈರ್‌ಫಾಕ್ಸ್ ಕೂಡ ಆ ಸಾಲಿಗೆ ಸೇರಿತು. ತನ್ನ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಅಕ್ಕಪಕ್ಕ ಬರೆದು ಊರಿಗೆಲ್ಲ ಕಾಣುವ ಲೆಡ್ಜರ್‌ನಲ್ಲಿ ಸಹಿ ಹಾಕುವವನನ್ನು ಹಿಡಿಯುವುದು, ಕದ್ದುಮುಚ್ಚಿ ಡಿಎನ್‌ಎಸ್ ಕೆಡಿಸುವವನನ್ನು ಹಿಡಿಯುವುದಕ್ಕಿಂತ ಸುಲಭ.

ಮಾರಿಹೋದ ಡೊಮೈನ್‌ನ ಹಳೆಯ ಸರ್ಟಿಫಿಕೇಟ್ ಹಳೆಯ ಒಡೆಯನ ಬಳಿ ಉಳಿದಿರುವ ತೊಡಕೂ ಇದೆ, ನಿಜ. ಅದರ ಮದ್ದು ಡಿಎನ್‌ಎಸ್ ಅಲ್ಲ, ಸರ್ಟಿಫಿಕೇಟ್‌ನ ಆಯುಷ್ಯ. 2020ರಿಂದ 398 ದಿನಗಳಿಗೆ ಇಳಿದಿದ್ದ ಆ ಆಯುಷ್ಯವನ್ನು ಹಂತಹಂತವಾಗಿ ಕತ್ತರಿಸಿ 2029ರ ಮಾರ್ಚ್ ಹೊತ್ತಿಗೆ 47 ದಿನಗಳಿಗೆ ತರುವ ನಿರ್ಣಯ 2025ರಲ್ಲಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಡಿಎನ್‌ಎಸ್ ಬಿಟ್ಟುಬಿಡಿ ಎಂದು ಆರಿಜಿನ್ ಫ್ರೇಮ್ ಯಾರನ್ನೂ ಒತ್ತಾಯಿಸುವುದಿಲ್ಲ. ಬಿಡಬಹುದು ಎನ್ನುತ್ತದೆ, ಬಿಡುವುದಾದರೆ ಸರ್ಟಿಫಿಕೇಟನ್ನು ಬೇರೆ ಬಗೆಯಲ್ಲಿ ಗಟ್ಟಿಮಾಡಿಕೊಳ್ಳಿ ಎನ್ನುತ್ತದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದವರು, ಈ ಐಚ್ಛಿಕ ಭಾಗಕ್ಕೆ ಹೆದರಿ ಇಡೀ ಫ್ರೇಮನ್ನೇ ಬಿಸಾಡಿದವರು.

ಬಿಸಾಡಿದ್ದರಲ್ಲಿ ಹೋದದ್ದೇನು? ಈ ಫ್ರೇಮ್ ಅಧಿಕಾರವನ್ನು ಹಿಗ್ಗಿಸುವ ಸಾಧನವೆಂದೇ ಎಲ್ಲರ ಎಣಿಕೆ. ಅದು ಕುಗ್ಗಿಸುವ ಸಾಧನವೂ ಹೌದು. ಪಟ್ಟಿಯೊಂದು ಬಂದ ಮೇಲೆ, ಅದರಲ್ಲಿ ಇಲ್ಲದ ಆರಿಜಿನ್‌ಗೆ ಆ ಕನೆಕ್ಷನ್ನನ್ನು ಅಧಿಕೃತವೆಂದು ಬ್ರೌಸರ್ ಎಣಿಸಲೇಬಾರದು. ಸರ್ವರ್ ಏನನ್ನೂ ಬರೆಯದ ಖಾಲಿ ಫ್ರೇಮ್ ಕಳಿಸಿದರೆ ಅರ್ಥ ಇಷ್ಟೇ: ನೀನು ಯಾವ ಹೆಸರು ಹೇಳಿಕೊಂಡು ಬಂದೆಯೋ ಅದೊಂದೇ, ಬೇರೇನನ್ನೂ ಇಲ್ಲಿ ಕೇಳಬೇಡ. ಆ ಖಾಲಿ ಫ್ರೇಮ್ ಒಟ್ಟು 9 ಬೈಟ್. ಮೊದಲ ಮೂರು ಬೈಟ್ ಉದ್ದ, ಸೊನ್ನೆ. ನಾಲ್ಕನೆಯದು ಫ್ರೇಮ್‌ನ ಬಗೆ, 12. ಐದನೆಯದು ಫ್ಲ್ಯಾಗ್, ಸೊನ್ನೆ. ಉಳಿದ ನಾಲ್ಕು ಸ್ಟ್ರೀಮ್ ಸಂಖ್ಯೆ, ಅದೂ ಸೊನ್ನೆ. ಇದರಲ್ಲಿ ಯಾವ ದಾಳಿಕೋರನಿಗೆ ಏನು ಲಾಭ?

ಲಾಭ ಇರುವುದು ಸರ್ವರ್ ನಡೆಸುವವನಿಗೆ. ಒಂದು ಯಂತ್ರದಲ್ಲಿ ಅಪಾಚೆ ಸರ್ವರ್, ಒಂದು ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್, ಅದರಡಿ ಎರಡು ವರ್ಚುವಲ್ ಹೋಸ್ಟ್: ಒಂದು ಎಲ್ಲರಿಗೂ ತೆರೆದ ಸೈಟ್, ಇನ್ನೊಂದಕ್ಕೆ ಬಳಕೆದಾರನೂ ಸರ್ಟಿಫಿಕೇಟ್ ತೋರಿಸಬೇಕು. ಸರ್ಟಿಫಿಕೇಟ್ ಹೊಂದುತ್ತದೆ, ಐಪಿ ಹೊಂದುತ್ತದೆ, ಬ್ರೌಸರ್ ಮೊದಲನೆಯದರ ಕನೆಕ್ಷನ್‌ನಲ್ಲೇ ಎರಡನೆಯದನ್ನು ಕೇಳುತ್ತದೆ. ಎರಡರ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಷರತ್ತು ಬೇರೆಯಾದ್ದರಿಂದ ಸರ್ವರ್ 421 ಎಂದು ಹಿಂದಕ್ಕಟ್ಟುತ್ತದೆ: ಕೋರಿಕೆ ತಪ್ಪು ಜಾಗಕ್ಕೆ ಬಂದಿದೆ. ಒಳ್ಳೆಯ ಬ್ರೌಸರ್ ಹೊಸ ಕನೆಕ್ಷನ್ ತೆರೆದು ಮತ್ತೆ ಕೇಳುತ್ತದೆ. ಅಷ್ಟು ಜಾಣ್ಮೆಯಿಲ್ಲದ ಕ್ಲೈಂಟ್ ದೋಷದ ಪುಟ ತೋರಿಸಿ ಕೈಚೆಲ್ಲುತ್ತದೆ. 421 ಎನ್ನುವ ಸರ್ವರ್ ಎಚ್ಚರವಾಗಿರುವ ಸರ್ವರ್. ಎಚ್ಚರ ತಪ್ಪಿದ ಸರ್ವರ್‌ಗಳು ಒಬ್ಬರ ಕೋರಿಕೆಗೆ ಇನ್ನೊಬ್ಬರ ಪುಟ ಕೊಡುವಂತೆ ಮಾಡಬಹುದೆಂಬುದನ್ನು ಆಂಟ್ವಾನ್ ಡೆಲಿನ್ಯಾ-ಲವೊ ಮತ್ತು ಕಾರ್ತಿಕೇಯನ್ ಭಾರ್ಗವನ್ ದಶಕದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅಂದರೆ ಭದ್ರತೆಯ ಹೆಸರಿನಲ್ಲಿ ಕಾಯ್ದುಕೊಂಡ ಐಪಿ ಊಹೆಯೇ ಇಲ್ಲಿ ಭದ್ರತೆಯ ತಲೆನೋವು. ಅದನ್ನು ನಿವಾರಿಸುವ 9 ಬೈಟ್‌ಗಳನ್ನು ಬೇಡವೆಂದವರು ಭದ್ರತಾವಾದಿಗಳೇ.

ಇನ್ನೊಂದು ಗುಂಪಿಗೆ ಭದ್ರತೆಯ ಚಿಂತೆಯಿಲ್ಲ, ಉದಾಸೀನ. ಕನೆಕ್ಷನ್ ಈಗ ಅಗ್ಗವಾಗಿದೆ, ಎಚ್‌ಟಿಟಿಪಿ/3ರಲ್ಲಿ ಇನ್ನೂ ಅಗ್ಗ, ಉಳಿಸಿ ಏನಾಗಬೇಕು ಎಂಬುದು ಅವರ ಮಾತು. ಅಗ್ಗ ಯಾರಿಗೆ? ಹೊಸ ಹೆಸರೆಂದರೆ ಮೊದಲು ಡಿಎನ್‌ಎಸ್ ಪ್ರಶ್ನೆ, ಆಮೇಲೆ ಕೈಕುಲುಕುವ ಸುತ್ತು, ಆಮೇಲೂ ಸಾಮಾನ್ಯವಾಗಿ ಹತ್ತು ಪ್ಯಾಕೆಟ್‌ಗಳಷ್ಟರಿಂದ, ಅಂದರೆ ಸುಮಾರು 14 ಕಿಲೋಬೈಟ್‌ಗಳಿಂದ, ಮೆಲ್ಲಗೆ ವೇಗ ಹಿಡಿಯುವ ಆರಂಭ. ಆಗಲೇ ವೇಗ ಹಿಡಿದ ಕನೆಕ್ಷನ್ ಪಕ್ಕದಲ್ಲಿರುವಾಗ ಇದಿಷ್ಟನ್ನೂ ಮೊದಲಿಂದ ಮಾಡಬೇಕು. ಕ್ಲೌಡ್‌ಫ್ಲೇರ್‌ನ ಸಂಶೋಧಕರು 5000 ಸರ್ಟಿಫಿಕೇಟ್‌ಗಳನ್ನು ಹೊಸದಾಗಿ ಕೊಟ್ಟು, ನಿಜವಾದ ಬಳಕೆದಾರರ ನಡುವೆ ಈ ಫ್ರೇಮನ್ನು ಓಡಿಸಿ ನೋಡಿ 2022ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದ ಹೆಸರಿಗೆ ತೆರೆಯುತ್ತಿದ್ದ ಹೊಸ ಟಿಎಲ್‌ಎಸ್ ಕನೆಕ್ಷನ್‌ಗಳು ಸುಮಾರು ಅರ್ಧಕ್ಕೆ ಇಳಿದವು. ಮುಂದೆ ಈ ಕೈಕುಲುಕುವಿಕೆ ದುಬಾರಿಯಾಗಲಿದೆ. ಕ್ವಾಂಟಮ್ ಕಂಪ್ಯೂಟರ್‌ಗೆ ಜಗ್ಗದ ಸಹಿಗಳಲ್ಲಿ ಎಂಎಲ್-ಡಿಎಸ್ಎ-44 ತೆಗೆದುಕೊಂಡರೆ ಒಂದು ಸಹಿಗೇ 2,420 ಬೈಟ್. ಇಂದಿನ ಇಸಿಡಿಎಸ್ಎ ಸಹಿ 64 ಬೈಟ್. ಒಂದೊಂದು ಕೈಕುಲುಕಿಗೂ ಇಂಥ ಸಹಿಗಳು ಹಲವು.

ಸರ್ವರ್‌ನ ಮಾತು ಕೇಳದ ಈ ಕೊರತೆಗೆ ಹಾಕಿದ ತೇಪೆ ಕನ್ನಡದ ಪುಟಗಳಲ್ಲೂ ಕಾಣುತ್ತದೆ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸಾನ್ಸ್ ಕನ್ನಡ ತರಿಸಿಕೊಳ್ಳುವ ಸೈಟ್‌ನ ಎಚ್‌ಟಿಎಂಎಲ್ ತೆರೆದರೆ ತಲೆಯಲ್ಲೇ ಸಾಮಾನ್ಯವಾಗಿ ‘ಮುಂಚೆಯೇ ಕನೆಕ್ಷನ್ ತೆರೆದಿಡು’ ಎನ್ನುವ ಎರಡು ಪ್ರೀಕನೆಕ್ಟ್ ಸಾಲುಗಳಿರುತ್ತವೆ: ಒಂದು ಸಿಎಸ್‌ಎಸ್ ಬರುವ ಫಾಂಟ್ಸ್.ಗೂಗಲ್‌ಎಪಿಐಸ್.ಕಾಮ್‌ಗೆ, ಇನ್ನೊಂದು ಅಕ್ಷರಗಳು ಬರುವ ಫಾಂಟ್ಸ್.ಜಿಸ್ಟ್ಯಾಟಿಕ್.ಕಾಮ್‌ಗೆ. ಎರಡೂ ಒಂದೇ ಕಂಪನಿಯವು. ಫಾಂಟ್‌ಗಳನ್ನು ಕುಕೀ ಇಲ್ಲದ ಪ್ರತ್ಯೇಕ ಕನೆಕ್ಷನ್‌ನಲ್ಲಿ ತರಬೇಕೆಂಬ ಇನ್ನೊಂದು ನಿಯಮವಿರುವುದರಿಂದ ಆರಿಜಿನ್ ಫ್ರೇಮ್ ಒಂದರಿಂದಲೇ ಈ ಗಂಟು ಬಿಚ್ಚಿಕೊಳ್ಳದು. ಆದರೂ ಯಾವ ಸರ್ವರ್ ಯಾವ ಹೆಸರುಗಳಿಗೆ ಉತ್ತರಿಸುತ್ತದೆ ಎಂಬ ಚಿಂತೆಯನ್ನು, ಅದನ್ನು ತಿಳಿದಿರಲು ಕಾರಣವೇ ಇಲ್ಲದ ಪುಟದ ಲೇಖಕನ ತಲೆಗೆ ಕಟ್ಟಿದ್ದೇವೆ. ತಿಳಿದಿರುವ ಸರ್ವರ್‌ನ ಬಾಯಿ ಮುಚ್ಚಿಸಿದ್ದೇವೆ.

ಹೊಸ ಫ್ರೇಮ್ ಕಳಿಸಿದರೆ ನಡುವಿನ ಉಪಕರಣಗಳು ಮುರಿದುಬೀಳುತ್ತವೆ ಎಂಬ ಪುಕಾರೂ ಇದೆ. ಕ್ಲೌಡ್‌ಫ್ಲೇರ್‌ನ ಆ ಪ್ರಯೋಗದಲ್ಲಿ ಹಾಗಾದದ್ದು ನಿಜ: ಟ್ರಾಫಿಕ್ ತಪಾಸಣೆ ಮಾಡುವ ಆಂಟಿವೈರಸ್ ತಂತ್ರಾಂಶವೊಂದು ಅಪರಿಚಿತ ಫ್ರೇಮ್ ಕಂಡೊಡನೆ ಕನೆಕ್ಷನ್ನನ್ನೇ ಕಡಿದುಹಾಕಿತು. ಆದರೆ ತಿಳಿಯದ ಫ್ರೇಮನ್ನು ಕಡೆಗಣಿಸಿ ಮುಂದೆ ಹೋಗಬೇಕು ಎಂಬುದು ಎಚ್‌ಟಿಟಿಪಿ/2ರ ಕಡ್ಡಾಯ ನಿಯಮ. ನಿಯಮ ಮುರಿದವನಿಗೆ ಹೆದರಿ ನಿಯಮ ಪಾಲಿಸುವವನು ಬಾಯಿ ಕಟ್ಟಿಕೊಂಡು ಕೂರುವ ಚಾಳಿಗೆ ನಾವು ಆಗಲೇ ಬೆಲೆ ತೆತ್ತಿದ್ದೇವೆ. 2018ರಲ್ಲಿ ಬಂದ ಟಿಎಲ್‌ಎಸ್ 1.3, ಇಂಥ ನಡುವಿನ ಉಪಕರಣಗಳ ಕಣ್ಣು ತಪ್ಪಿಸಲು ತಾನು 1.2 ಎಂದು ವೇಷ ಹಾಕಿಕೊಂಡು ಓಡಾಡುತ್ತಿದೆ.

ಈ ಫ್ರೇಮ್ ದೊಡ್ಡ ಸಿಡಿಎನ್ ಕಂಪನಿಗಳಿಗೆ ಮಾತ್ರ ಅನುಕೂಲ ಎನ್ನುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಲೆಕ್ಕವನ್ನು ಒಪ್ಪುವುದಿಲ್ಲ. ಈಗಿನ ಐಪಿ ನಿಯಮದಿಂದ ಯಾರಿಗೆ ಲಾಭ? ವಿಳಾಸಗಳ ಕಂತೆಯನ್ನೇ ಕೈಯಲ್ಲಿಟ್ಟುಕೊಂಡು, ಯಾವ ಹೆಸರಿಗೆ ಯಾವ ಐಪಿ ಎಂದು ಮನಬಂದಂತೆ ಜೋಡಿಸಬಲ್ಲವರಿಗೆ. ಬಾಡಿಗೆ ಸರ್ವರ್‌ನಲ್ಲಿ ಎರಡು ಹೆಸರು ಇಟ್ಟುಕೊಂಡ ಸಣ್ಣ ಪತ್ರಿಕೆಗೆ ಆ ಸವಲತ್ತಿಲ್ಲ. ಅದಕ್ಕೆ ಒಂದು ಸರ್ಟಿಫಿಕೇಟ್, ಹತ್ತಾರು ಬೈಟ್‌ಗಳ ಒಂದು ಫ್ರೇಮ್ ಸಾಕಾಗುವಂತೆ ಮಾಡುವುದು ಆರಿಜಿನ್ ಫ್ರೇಮ್.

ಮತ್ತೊಂದು ಲಾಭವನ್ನು ಈ ಚರ್ಚೆಯಲ್ಲಿ ಎತ್ತುವವರೇ ಕಡಿಮೆ. ಪ್ರತಿ ಹೊಸ ಕನೆಕ್ಷನ್ ತಾನು ಹೋಗುತ್ತಿರುವ ಹೋಸ್ಟ್ ಹೆಸರನ್ನು ಸಾಮಾನ್ಯವಾಗಿ ಬಯಲಲ್ಲೇ, ಎಸ್‌ಎನ್‌ಐ ಎಂಬ ಜಾಗದಲ್ಲಿ ಬರೆದುಕೊಂಡು ಹೋಗುತ್ತದೆ. ಆ ಹೆಸರನ್ನು ಓದಿ ಸೈಟ್ ತಡೆಯುವುದು ನಮ್ಮಲ್ಲಿ ನಡೆದಿದೆ ಎಂಬುದನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ 2019ರಲ್ಲಿ ಪರೀಕ್ಷೆ ಮಾಡಿ ದಾಖಲಿಸಿತು. ಇರುವ ಕನೆಕ್ಷನ್‌ನೊಳಗೇ ಹೋಗುವ ಕೋರಿಕೆ ಹೊಸದಾಗಿ ಹೆಸರು ಹೇಳಿಕೊಳ್ಳುವುದಿಲ್ಲ. ಡಿಎನ್‌ಎಸ್ ಪ್ರಶ್ನೆಯನ್ನೂ ಬಿಟ್ಟರೆ ಅಲ್ಲೂ ಜಾಡು ಉಳಿಯುವುದಿಲ್ಲ. ಡಿಎನ್‌ಎಸ್ ತಾಳೆ ಇರಲೇಬೇಕೆನ್ನುವವರು, ಓದುಗ ಎಲ್ಲೆಲ್ಲಿ ಹೋದ ಎಂಬುದನ್ನು ಪ್ರತಿ ಸಲ ದಾರಿಯಲ್ಲಿ ನಿಂತವರಿಗೆ ಸಾರಬೇಕು ಎಂದೂ ಹೇಳುತ್ತಿದ್ದಾರೆ, ತಿಳಿದೋ ತಿಳಿಯದೆಯೋ.

ಹಾಗಾಗಿ ಕೇಳಬೇಕಾದದ್ದು ಅತಿಯೇನಲ್ಲ. ಖಾಲಿ ಫ್ರೇಮನ್ನೂ ಪಟ್ಟಿ ಕುಗ್ಗಿಸುವ ಫ್ರೇಮನ್ನೂ ಪ್ರತಿ ಬ್ರೌಸರ್ ಮರುಮಾತಿಲ್ಲದೆ ಪಾಲಿಸಲಿ. ಅದಕ್ಕೆ ಎದುರಾಗಿ ಒಂದು ವಾದವೂ ಇಲ್ಲ. ಸಾರ್ವಜನಿಕ ದಾಖಲೆಯಲ್ಲಿರುವ ಸರ್ಟಿಫಿಕೇಟ್ ಜೊತೆ ಬಂದ ಪಟ್ಟಿಯನ್ನು ಡಿಎನ್‌ಎಸ್ ಕೇಳದೆ ನಂಬಲಿ; ದಾಖಲೆಯಿಲ್ಲದ ಕಡೆ ಹಳೆಯ ಪರೀಕ್ಷೆಯೇ ಇರಲಿ. ಸರ್ವರ್ ತಂತ್ರಾಂಶಗಳು ಈ ಪಟ್ಟಿಯನ್ನು ಸಂರಚನೆಯ ಫೈಲ್‌ನಲ್ಲಿ ಒಂದು ಸಾಲಿನ ಕೆಲಸವಾಗಿಸಲಿ. ಇದನ್ನೂ ಬೇಡವೆನ್ನುವವರು ಐಪಿ ತಾಳೆ ಯಾವ ದಾಳಿಯನ್ನು, ಎಲ್ಲಿ, ಸರ್ಟಿಫಿಕೇಟ್‌ನ ನೆರವಿಲ್ಲದೆ ತಾನೊಂದೇ ತಡೆದು ನಿಲ್ಲಿಸಿದೆ ಎಂಬುದನ್ನು ಮುಂದಿಡಲಿ. ತೋರಿಸುವ ಹೊಣೆ ಇಷ್ಟು ವರ್ಷ ಸರ್ವರ್‌ನ ಮೇಲಿತ್ತು. ಇನ್ನು ಅದು ಊಹೆಯ ಪರ ನಿಂತವರದು.